ವಸಂತಿಯ ಬಾಗಿಲಡಿ ತೂರಿಸಿದ ಎರಡು ಕಾರ್ಡು

ಹೋದ ವಾರ ಮಗಳ ಶಾಲೆಯ ಯಾವುದೋ ಪ್ರಾಜೆಕ್ಟಿಗೆಂದು ಬಿಳಿ ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. "ವಾಟ್ ಹ್ಯಾಪನ್ಡ್ ಅಮ್ಮಾ?" ಎಂದು ಮಗಳು ಕೇಳಿದಳು. ಏನೂ ಆಗಿರಲಿಲ್ಲ. ಮೂರು ವರ್ಷದ ಹಿಂದಿನ ಒಂದು ಜೂನ್ ತಿಂಗಳು ನೆನಪಾಯಿತು, ಅಷ್ಟೆ. ಹಳೆಯ ವಾಸನೆ ಬಂದರೆ ಕೆಲವರ ಕಣ್ಣು ತೇವವಾಗುತ್ತದಂತೆ. ನನಗೆ ಬರುವುದು ಸಿಟ್ಟೇ. ಆ ತಿಂಗಳಿಡೀ ನಾನು ಯಾರ ಮೇಲಾದರೂ ಸಿಡುಕುತ್ತಲೇ ಇದ್ದೆ. ಜನರ ಮೇಲೆ, ಧೂಳಿನ ಮೇಲೆ, ಕತ್ತರಿಯ ಮೇಲೆ. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ನನ್ನ ಮೇಲೆ.

ಆಗ ನಾವು ಇದ್ದದ್ದು ಗಲ್ಫಿನ ಫರ್ವಾನಿಯಾದಲ್ಲಿ, ಬಸ್ಸುಗಳು ದಿನವಿಡೀ ಹಾರ್ನ್ ಹೊಡೆಯುವ ಬೀದಿಯ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ವಸಂತಿ ಅದೇ ಕಟ್ಟಡದ ಮೊದಲನೇ ಮಹಡಿಯಲ್ಲಿ ಒಬ್ಬಳೇ ಇದ್ದಳು. ನಾನು ಕಾರ್ಕಳದವಳು, ಅವಳು ಮೂಡುಬಿದಿರೆಯವಳು. ಊರಲ್ಲಿದ್ದಿದ್ದರೆ ಒಂದೇ ಬಸ್ಸಿನಲ್ಲಿ ಓಡಾಡಿಯೂ ಪರಿಚಯವಾಗುತ್ತಿರಲಿಲ್ಲವೋ ಏನೋ. ಇಲ್ಲಿ ಹನ್ನೆರಡು ವರ್ಷದ ಸ್ನೇಹ. ಅವಳು ಸಾಲ್ಮಿಯಾದ ಹೆಂಗಸರ ಬಟ್ಟೆಯಂಗಡಿಯೊಂದರಲ್ಲಿ ಟೈಲರ್. ಅವಳ ಕೈಯಲ್ಲಿ ಕತ್ತರಿ ಒಂದು ನೂಲಿನಷ್ಟೂ ಆಚೀಚೆ ಹೋಗುವುದಿಲ್ಲ. ನನ್ನದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ನಾನು ಕತ್ತರಿ ಹಿಡಿದರೆ ಹಾಲಿನ ಪ್ಯಾಕೆಟ್ಟೂ ಸೊಟ್ಟ.

ವಸಂತಿಯ ಗಂಡ ಸುಧಾಕರ ಫಿಂಟಾಸಿನ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಗಂಡ ಎಂದೆ, ಗಂಡನಾಗಿದ್ದವ ಎನ್ನಬೇಕು. ಡಬಲ್ ಡ್ಯೂಟಿ ಎಂದು ಹೇಳಿ ಎರಡು ವರ್ಷ ಅಲ್ಲೇ ಇನ್ನೊಂದು ಸಂಸಾರ ನಡೆಸಿದ್ದ. ಗೊತ್ತಾದ ದಿನ ವಸಂತಿ ಒಂದು ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದವಳು ಎರಡು ತಿಂಗಳು ಇದ್ದಳು. ಬಿಟ್ಟುಬಿಡು ಎಂದು ಮೊದಲು ಹೇಳಿದವಳು ನಾನು. ಊರಿನ ವಕೀಲರಿಗೆ ಕಳಿಸುವ ಹೇಳಿಕೆಯನ್ನು ಟೈಪ್ ಮಾಡಿದವಳೂ ನಾನು. ವಿಚ್ಛೇದನ ಸಿಗಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ನಾನು ಅವನನ್ನು ಹೆಸರು ಹಿಡಿದು ಕರೆಯಲಿಲ್ಲ, ನಾಯಿ ಎನ್ನುತ್ತಿದ್ದೆ. ಮೊದಮೊದಲು ವಸಂತಿ ನಗುತ್ತಿದ್ದಳು. ಆಮೇಲೆ ನಗುವುದು ನಿಲ್ಲಿಸಿದಳು. ಅದನ್ನು ನಾನು ಗಮನಿಸಲಿಲ್ಲ. ಫಿಂಟಾಸಿನ ಆ ಇನ್ನೊಬ್ಬಳು ಅಷ್ಟರೊಳಗೆ ತನ್ನ ದೇಶಕ್ಕೆ ಹೋಗಿಬಿಟ್ಟಿದ್ದಳು. ಸುಧಾಕರ ಕಂಪೆನಿಯ ರೂಮಿನಲ್ಲಿ ಬೇರೆ ಅಡುಗೆಯವರ ಜೊತೆ ಇರುತ್ತಾನೆ ಎಂದು ಯಾರೋ ಹೇಳಿದ್ದರು. ಇರಲಿ ಬಿಡು ಎಂದಿದ್ದೆ.

ಆ ವರ್ಷ ಜೂನ್ ಶುರುವಾದಾಗಲೇ ಸೆಕೆ ತಲೆಗೇರಿತ್ತು. ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ನೀರು. ದಿನ ಬಿಟ್ಟು ದಿನ ಧೂಳಿನ ಗಾಳಿ. ಬೆಳಿಗ್ಗೆ ಎದ್ದರೆ ಆಕಾಶ ಕಾಣಿಸುತ್ತಿರಲಿಲ್ಲ, ಎದುರಿನ ಕಟ್ಟಡವೂ ಕಾಣಿಸುತ್ತಿರಲಿಲ್ಲ. ಕಿಟಕಿಯ ಸಂದಿಗಳಿಗೆಲ್ಲ ಟೇಪ್ ಅಂಟಿಸಿದರೂ ಊಟದ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅಂಥ ಒಂದು ಭಾನುವಾರ ಆಫೀಸಿನಲ್ಲಿದ್ದಾಗ ನಮ್ಮ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಸುಧಾಕರನ ಫೋಟೋ ಬಂತು, ಸುತ್ತ ಹೂವಿನ ಚೌಕಟ್ಟು ಹಾಕಿ. ಕೆಲಸದ ನಡುವೆ ಎದೆ ಹಿಡಿದುಕೊಂಡು ಕುಸಿದನಂತೆ. ನಲವತ್ತಾರು ವರ್ಷ.

ಕೆಳಗೆ ಸಾಲುಸಾಲು ಓಂ ಶಾಂತಿ, ಕೈಮುಗಿದ ಚಿತ್ರಗಳು. ಅದಾಗಿ ಹತ್ತು ನಿಮಿಷಕ್ಕೆ ಒಬ್ಬರು ಕೇಳಿದರು, "ವಸಂತಿಗೆ ಸೂತಕ ಉಂಟಾ, ಇಲ್ವಾ?" ಇನ್ನೊಬ್ಬರು, ಡೈವೋರ್ಸ್ ಆದ ಮೇಲೆ ಇಲ್ಲ ಎಂದರು. ಮತ್ತೊಬ್ಬರು, ಅಗ್ನಿಸಾಕ್ಷಿಯಾಗಿ ಆದ ಮದುವೆ ಕೋರ್ಟಿನ ಕಾಗದದಿಂದ ಹೋಗುವುದಿಲ್ಲ ಎಂದರು. ಸಂಜೆಯ ತನಕ ಅದೇ ಚರ್ಚೆ. ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು, ವಸಂತಿ ಅದೇ ಗುಂಪಿನಲ್ಲಿದ್ದಳು, ಒಬ್ಬರಿಗೂ ಅದು ಹೊಳೆಯಲಿಲ್ಲ. ನನಗೆ ಪ್ರತ್ಯೇಕವಾಗಿ ಒಬ್ಬಳು ಮೆಸೇಜು ಹಾಕಿದಳು: "ಮೊದಲೇ ಬಿಡಿಸಿಕೊಂಡದ್ದು ಒಳ್ಳೇದಾಯ್ತು ನೋಡಿ, ಇಲ್ಲದಿದ್ದರೆ ಈಗ ವಿಧವೆ."

ವಸಂತಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಆಫೀಸಿನಿಂದ ಬಂದವಳೇ ಅವಳ ಬಾಗಿಲು ಬಡಿದೆ. ಹೊರಗೆ ಚಪ್ಪಲಿ ಇತ್ತು, ಒಳಗೆ ಎಸಿಯ ಸದ್ದಿತ್ತು. "ವಸಂತೀ, ನಾನು ಶೋಭಾ" ಎಂದೆ. ಬಾಗಿಲಿನ ಹತ್ತಿರ ಹೆಜ್ಜೆ ಬಂದು ನಿಂತಿತು. "ಹೋಗು ಮಾರಾಯ್ತಿ, ಆಮೇಲೆ" ಎಂದಳು. ಸ್ವರ ಎಂದಿನ ಹಾಗೇ ಇತ್ತು. ಸೋಮವಾರ ಅದೂ ಇಲ್ಲ. ಮಂಗಳವಾರ ಬಾಗಿಲಿಗೆ ನೇತುಹಾಕಿದ ಗಂಜಿಯ ಡಬ್ಬಿ ಬುಧವಾರವೂ ಹಾಗೇ ನೇತಾಡುತ್ತಿತ್ತು, ಮೇಲೆ ಧೂಳು ಕೂತು.

ನನ್ನ ಗಂಡ ಜಯಂತರಿಗೆ ಇದು ಅರ್ಥವೇ ಆಗಲಿಲ್ಲ. "ಅವಳಿಗೆಂಥ ದುಃಖ? ಸೈನ್ ಹಾಕಿ ಆಯ್ತಲ್ಲ, ಖಲಾಸ್" ಎಂದರು.

"ದುಃಖ ಇಲ್ಲದಿದ್ದರೆ ಬಾಗಿಲು ಯಾಕೆ ಹಾಕಿಕೊಳ್ತಾಳೆ?"

"ಹಾಗಾದರೆ ಒಂದು ಮೆಸೇಜು ಹಾಕಿಬಿಡು."

"ಫೋನ್ ಆಫ್ ಅಂತ ನಾಲ್ಕು ದಿನದಿಂದ ಹೇಳ್ತಾ ಇದ್ದೇನೆ."

"ಆನ್ ಮಾಡಿದಾಗ ನೋಡ್ತಾಳೆ" ಎಂದು ಟೀವಿಯ ಕಡೆ ತಿರುಗಿದರು.

ಬಾಗಿಲು ತೆಗೆಯದವಳ ಮನೆಯೊಳಗೆ ಹೋಗಬಲ್ಲದ್ದು ಒಂದೇ, ಕಾಗದ. ಹಾಗೆ ಕಾರ್ಡಿನ ಯೋಚನೆ ಬಂತು. ನಮ್ಮಲ್ಲಿ ಸಾವಿಗೆ ಕಾರ್ಡು ಕೊಡುವ ಕ್ರಮವಿಲ್ಲ, ಗೊತ್ತು. ಆದರೆ ನನ್ನ ಆಫೀಸಿನ ಫಿಲಿಪೀನೋ ಹುಡುಗಿಯರು ಯಾರಿಗಾದರೂ ಹಾಗಾದರೆ ಒಂದು ಕಾರ್ಡು ತಂದು ಎಲ್ಲರ ಸಹಿ ಹಾಕಿಸಿ ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಮಾತಾಡುವ ಕಷ್ಟವೇ ಇಲ್ಲ. ಗುರುವಾರ ಸಂಜೆ ನಮ್ಮ ಬೀದಿಯ ತುದಿಯ ಪುಸ್ತಕದಂಗಡಿಗೆ ಹೋದೆ. ಅಂಗಡಿಯವರು ಬಂಟ್ವಾಳದ ಬ್ಯಾರಿ, ಹಮೀದಾಕ.

"ಸತ್ತವರ ಮನೆಗೆ ಕೊಡುವ ಕಾರ್ಡು ಉಂಟಾ?"

"ಬರ್ತ್‌ಡೇಯದ್ದು ಉಂಟು, ಮದುವೆಯದ್ದು ಉಂಟು, ಈದ್ ಹಬ್ಬದ್ದು ಉಂಟು. ಇದನ್ನು ಯಾರೂ ಕೇಳುವುದಿಲ್ಲ ಅಕ್ಕ" ಎಂದು ಒಳಗೆಲ್ಲೋ ಹುಡುಕಿ ಒಂದನ್ನು ತಂದರು. ಲಿಲ್ಲಿ ಹೂವು, ಒಳಗೆ ಎಂಟು ಸಾಲಿನ ಇಂಗ್ಲಿಷ್ ಪದ್ಯ, ಕೊನೆಗೆ 'ನಿಮಗೂ ನಿಮ್ಮ ಪ್ರೀತಿಯ ಕುಟುಂಬಕ್ಕೂ' ಎಂಬ ಅರ್ಥದ ಮಾತು. ವಸಂತಿಗೆ ಎಲ್ಲಿಯ ಕುಟುಂಬ? ಮಕ್ಕಳಿಲ್ಲ, ತಾಯಿ ತಂದೆ ಇಲ್ಲ, ಇದ್ದ ಒಬ್ಬನನ್ನು ನಾವೆಲ್ಲ ಸೇರಿ ಕಳಚಿಹಾಕಿದ್ದೆವು. ಆ ಕಾರ್ಡನ್ನು ವಾಪಸ್ ಕೊಟ್ಟು ಎರಡು ದಪ್ಪ ಬಿಳಿ ಹಾಳೆ, ನೇರಳೆ ಬಣ್ಣದ ಕಾಗದ, ಗೋಂದು ಕೊಂಡು ಬಂದೆ.

ಶುಕ್ರವಾರ ರಜೆ. ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂತೆ. ಮೊದಲನೇ ಹಾಳೆ ಮಡಚಿದ್ದು ಓರೆಯಾಯಿತು. ಎರಡನೆಯದನ್ನು ಸ್ಕೇಲ್ ಇಟ್ಟು ಮಡಚಿದೆ, ಕತ್ತರಿಸಿದ್ದು ಸೊಟ್ಟವಾಯಿತು. ಅದನ್ನು ಸರಿಮಾಡಲು ಇನ್ನೊಂದು ಬದಿ ಕತ್ತರಿಸಿ, ಆ ಬದಿಯನ್ನು ಸರಿಮಾಡಲು ಮತ್ತೆ ಈ ಬದಿ ಕತ್ತರಿಸಿ, ಕಾರ್ಡು ಕೊನೆಗೆ ಅಂಗೈಯಷ್ಟಾಯಿತು. ನೇರಳೆ ಕಾಗದದಲ್ಲಿ ಹೂವಿನ ಎಸಳುಗಳನ್ನು ಮಾಡಿದೆ. ಮಗಳು ಬಂದು ನೋಡಿ, "ಈಸ್ ದಟ್ ಎ ಬ್ರಿಂಜಾಲ್?" ಎಂದಳು. ಅವಳನ್ನು ಕೋಣೆಗೆ ಅಟ್ಟಿದೆ. ಗೋಂದು ಹಚ್ಚಿ ಎಸಳು ಅಂಟಿಸಿ, ಒಣಗಲಿ ಎಂದು ಮೇಜಿನ ಮೇಲೇ ಬಿಟ್ಟು ಅಡುಗೆಗೆ ಹೋದೆ. ಹೊರಗೆ ಗಾಳಿ ಎದ್ದಿತ್ತು. ಯಾರು ಕಿಟಕಿಯ ಟೇಪ್ ಎಳೆದಿದ್ದರೋ, ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಹಸಿ ಗೋಂದಿನ ಮೇಲೆಲ್ಲ ಕಂದು ಧೂಳು ಹಿಡಿದು ಕೂತಿತ್ತು. ಬಟ್ಟೆಯಲ್ಲಿ ಒರೆಸಿದರೆ ಕೆಸರು. ಕೂತು ಅತ್ತುಬಿಡುವಷ್ಟು ರೇಗಿತು. ಯಾರ ಗಂಡನೋ ಸತ್ತದ್ದಕ್ಕೆ ನಾನು ಬದನೆಕಾಯಿ ಕತ್ತರಿಸುತ್ತ ಕೂತಿದ್ದೇನಲ್ಲ ಎಂದು.

ಓರೆಯಾಯಿತೆಂದು ಬದಿಗಿಟ್ಟಿದ್ದ ಮೊದಲನೇ ಹಾಳೆಯಲ್ಲಿ ಮತ್ತೆ ಮಾಡಿದೆ. ಸಂಜೆಗೆ ಒಂದು ಹೂವು ಹೂವಿನ ಹಾಗೇ ಕಾಣುವ ಕಾರ್ಡು ಸಿದ್ಧವಾಯಿತು. ಒಳಗೆ ಏನು ಬರೆಯುವುದು? ಪೆನ್ನು ಹಿಡಿದು ಅರ್ಧ ಗಂಟೆ ಕೂತೆ. ನಿಜ ಹೇಳಬೇಕೆಂದರೆ ಸುಧಾಕರನ ಸಾವಿನ ಸುದ್ದಿ ಓದಿದಾಗ ನನಗೆ ದುಃಖವೇ ಆಗಿರಲಿಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು? ಕೊನೆಗೆ ಎಲ್ಲರೂ ಬರೆಯುವುದನ್ನೇ ಚಂದದ ಅಕ್ಷರದಲ್ಲಿ ಬರೆದೆ. ಅಗಲಿದ ಆತ್ಮಕ್ಕೆ ಚಿರಶಾಂತಿ ಸಿಗಲಿ, ದುಃಖ ಭರಿಸುವ ಶಕ್ತಿಯನ್ನು ದೇವರು ನಿನಗೆ ಕರುಣಿಸಲಿ, ಅವರ ನೆನಪು ನಮ್ಮೆಲ್ಲರಲ್ಲಿ ಸದಾ ಹಸಿರು. ಶನಿವಾರ ಬೆಳಿಗ್ಗೆ ಅವಳ ಬಾಗಿಲಡಿ ತೂರಿಸಿ ಮೇಲೆ ಬಂದೆ. ದೊಡ್ಡ ಕೆಲಸ ಮುಗಿಸಿದ ಸಮಾಧಾನ.

ಸಂಜೆ ನಾಲ್ಕಕ್ಕೆ ಅದೇ ಕಾರ್ಡು ನಮ್ಮ ಬಾಗಿಲಡಿಯಿಂದ ಒಳಗೆ ಬಂದು ಬಿದ್ದಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ವಸಂತಿಯ ಸಣ್ಣ ಅಕ್ಷರ: 'ಇದು ಯಾರ ಬಗ್ಗೆ ಬರೆದದ್ದು? ನೀನು ಅವನನ್ನು ನಾಯಿ ಅಂತ ಕರೆಯುತ್ತಿದ್ದಿ.'

ನನ್ನ ಮೈ ಉರಿದುಹೋಯಿತು. ಒಂದು ದಿನ ಇಡೀ ಕೂತು ಮಾಡಿದ್ದೇನೆ, ಇವಳಿಗೆ ಒಂದು ಥ್ಯಾಂಕ್ಸ್ ಹೇಳಲಾಗುವುದಿಲ್ಲ. ಅಂದು ಅವಳ ಪರ ನಿಂತವರು ಯಾರು? ಯಾರ ಮನೆಯಲ್ಲಿ ಎರಡು ತಿಂಗಳು ಇದ್ದಳು? ಇದನ್ನೆಲ್ಲ ಜಯಂತರಿಗೆ ಜೋರಾಗಿಯೇ ಹೇಳಿದೆ. ಅವರು ಕಾರ್ಡನ್ನು ತಿರುಗಿಸಿ ಓದಿ, "ಅವಳು ಬರೆದದ್ದು ಸುಳ್ಳಲ್ಲವಲ್ಲ" ಎಂದರು. ನಾಲ್ಕು ದಿನ ಅವರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೊದಲನೇ ಮಹಡಿಯಲ್ಲಿ ಲಿಫ್ಟ್ ನಿಂತರೆ ಎಲ್ಲಿ ಅವಳು ಹತ್ತುತ್ತಾಳೋ ಎಂದು ಮೊಬೈಲು ನೋಡುತ್ತ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಸುಧಾಕರನ ಹೆಣ ಊರಿಗೆ ಹೋಗಿ, ದಹನವೂ ಆಗಿ, ಗುಂಪಿನಲ್ಲಿ ಮತ್ತೊಂದು ಸುತ್ತು ಕೈಮುಗಿದ ಚಿತ್ರಗಳು ಬಂದುಹೋದವು.

ಬುಧವಾರ ಆಫೀಸಿನಿಂದ ಬರುವಾಗ ನಮ್ಮ ಬೀದಿಯಲ್ಲಿ ಎಂದಿನಂತೆ ಜಾಗವಿರಲಿಲ್ಲ. ಎರಡು ದೊಡ್ಡ ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ನಮ್ಮ ಕಾರನ್ನು ಹಿಮ್ಮುಖವಾಗಿ ಒಂದೇ ಸಲಕ್ಕೆ ತೂರಿಸಿ ಎಂಜಿನ್ ಆಫ್ ಮಾಡಿದೆ. ಕೈ ಸ್ಟೇರಿಂಗಿನ ಮೇಲೇ ನಿಂತಿತು. ಇದನ್ನು ನನಗೆ ಕಲಿಸಿದವನು ಸುಧಾಕರ.

ಎಷ್ಟೋ ವರ್ಷದಿಂದ ದಿನಾ ಕಾರು ನಿಲ್ಲಿಸುತ್ತೇನೆ, ಒಮ್ಮೆಯೂ ಅದು ನೆನಪಾಗಿರಲಿಲ್ಲ. ನೆನಪಾಗಲು ನಾನು ಬಿಟ್ಟಿರಲಿಲ್ಲ ಎನ್ನಿ. ಅಂದೇ ಮೇಲೆ ಹೋಗಿ ಉಳಿದಿದ್ದ ಹಾಳೆಯ ತುಂಡನ್ನು ಮಡಚಿದೆ. ಹೂವು ಇಲ್ಲ, ನೇರಳೆ ಬಣ್ಣ ಇಲ್ಲ. ಹೀಗೆ ಬರೆದೆ:

'ವಸಂತಿ, ಸುಧಾಕರ ನನಗೆ ಇಷ್ಟವಿರಲಿಲ್ಲ. ಸತ್ತ ಅಂತ ಈಗ ಇಷ್ಟ ಅನ್ನಲು ಆಗುವುದಿಲ್ಲ. ಆದರೆ ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದಾಗ ಆರು ಶುಕ್ರವಾರ ಬೆಳಿಗ್ಗೆ ಫಿಂಟಾಸಿನ ಸಮುದ್ರದ ಬದಿಯ ಖಾಲಿ ಜಾಗದಲ್ಲಿ ತನ್ನ ಕಾರಿನಲ್ಲೇ ಪಾರ್ಕಿಂಗ್ ಕಲಿಸಿದ್ದು ಅವನು. ಒಂದು ಸಲವೂ ಸ್ವರ ಎತ್ತಲಿಲ್ಲ. ನಾನು ಕಾರಿಗೆ ಬೈಯುತ್ತಿದ್ದರೆ, "ಶೋಭಕ್ಕ, ಬೈಬೇಡಿ, ಅದಕ್ಕೆ ಕನ್ನಡ ಬರುವುದಿಲ್ಲ" ಅನ್ನುತ್ತಿದ್ದ. ಅವನಿಗೆ ನಾನು ಥ್ಯಾಂಕ್ಸ್ ಹೇಳಲಿಲ್ಲ. ಆಮೇಲೆ ಅವನು ಮಾಡಿದ್ದರಿಂದ ಇದನ್ನು ಅಳಿಸಿಹಾಕಿದೆ. ನಿನಗೂ ಅಳಿಸಿಹಾಕಲು ಹೇಳಿದೆ. ನಿನಗೆ ಈಗ ಆಗುತ್ತಿರುವುದಕ್ಕೆ ಏನು ಹೆಸರು ನನಗೆ ಗೊತ್ತಿಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಬರುತ್ತೇನೆ. ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಶೋಭಾ.'

ಓದಿದರೆ ಸಾಂತ್ವನದ ಪತ್ರದ ಹಾಗೆ ಕಾಣಿಸಲಿಲ್ಲ. ದೂರು ಅರ್ಜಿಯ ಹಾಗಿತ್ತು. ಇನ್ನೂ ಚಂದ ಮಾಡಲು ಹೋದರೆ ಮತ್ತೆ ಸುಳ್ಳು ಸೇರುತ್ತದೆ ಎಂದು ಹಾಗೇ ಕೊಂಡುಹೋಗಿ ಬಾಗಿಲಡಿ ತೂರಿಸಿದೆ. ಗುರುವಾರವಿಡೀ ನಮ್ಮ ಬಾಗಿಲಡಿ ನೋಡಿದೆ. ಏನೂ ವಾಪಸ್ ಬರಲಿಲ್ಲ.

ಶುಕ್ರವಾರ ನಾಲ್ಕಕ್ಕೆ ಬಡಿದಾಗ ಬಾಗಿಲು ತೆರೆದುಕೊಂಡಿತು. ವಸಂತಿ ತಲೆ ಬಾಚಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿದ್ದಳು. ಅಂಗಡಿಗೆ ಹುಷಾರಿಲ್ಲ ಎಂದು ರಜೆ ಹೇಳಿದ್ದಳಂತೆ. ಕಾರ್ಡನ್ನು ಎತ್ತಿ ಹಿಡಿದು, "ಎಡಗಡೆ ಸೊಟ್ಟ ಉಂಟು" ಎಂದಳು. ಮೊದಲಿನ ಶೋಭಾ ಆಗಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ಸುಮ್ಮನೆ ಒಳಗೆ ಹೋಗಿ ಸೋಫಾದ ತುದಿಯಲ್ಲಿ ಕೂತೆ.

ಅವಳು ಕಾರ್ಡನ್ನು ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ಎದುರಿನ ಗೋಡೆ ನೋಡುತ್ತ ಶುರುಮಾಡಿದಳು.

"ಆ ಭಾನುವಾರ ಗುಂಪಿನಲ್ಲಿ ಹಾಕುವ ಮೊದಲೇ ನನಗೆ ಗೊತ್ತಿತ್ತು. ಶನಿವಾರ ಫೋನ್ ಬಂತು. ಅವನ ಕಂಪೆನಿಯ ಫೈಲಿನಲ್ಲಿ ಇನ್ನೂ ನನ್ನದೇ ನಂಬರು. ಅವರ ಮಂದೂಬ್ ಮಾಡಿದ್ದು, ಆ ಸರಕಾರಿ ಕಾಗದಕ್ಕೆಲ್ಲ ಓಡಾಡುವವ. ಬಂದು ಗುರುತು ಹೇಳಬೇಕು ಮೇಡಂ ಅಂದ. ಬೇರೆ ಯಾರಿದ್ದಾರೆ ಇಲ್ಲಿ ಅವನಿಗೆ? ಟ್ಯಾಕ್ಸಿ ಮಾಡಿ ಹೋದೆ."

"ಒಬ್ಬಳೇ? ನನ್ನನ್ನು ಕರೆಯಬಹುದಿತ್ತಲ್ಲ." ಬಾಯಿಯಿಂದ ಬಂದೇಬಿಟ್ಟಿತು.

"ಕರೆದಿದ್ದರೆ ನೀನು ಏನು ಹೇಳ್ತಿದ್ದಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ನೀನ್ಯಾಕೆ ಹೋಗಬೇಕು, ನಿನಗೂ ಅವನಿಗೂ ಏನು ಸಂಬಂಧ ಎನ್ನುತ್ತಿದ್ದೆ.

"ಮೊದಲು ನನಗೆ ಗುರುತೇ ಸಿಗಲಿಲ್ಲ" ಎಂದಳು. "ಮೀಸೆಗೆ ಬಣ್ಣ ಹಚ್ಚದೆ ಮನೆಯಿಂದ ಹೊರಗೆ ಹೋದವನಲ್ಲ ಅವನು. ಈಗ ಎಲ್ಲ ಬೆಳ್ಳಗೆ. ಇವರಲ್ಲ ಅಂತ ಹೇಳಲು ಬಾಯಿ ತೆರೆದೆ. ಆಮೇಲೆ ಕೈ ನೋಡಿದೆ. ಮಣಿಕಟ್ಟಿನಲ್ಲಿ ಎಣ್ಣೆ ಬಿದ್ದ ಕಲೆ ಉಂಟಲ್ಲ, ಅದು. ನಾನೇ ಮುಲಾಮು ಹಚ್ಚಿದ್ದು ಒಂದು ತಿಂಗಳು. ಹೌದು ಅಂದೆ. ಒಂದು ಫಾರ್ಮ್ ಕೊಟ್ಟ. ಮೃತರಿಗೆ ನೀವು ಏನಾಗಬೇಕು ಅಂತ ಒಂದು ಕಡೆ ತುಂಬಿಸಬೇಕಿತ್ತು."

"ಏನು ಬರೆದೆ?"

"ಹೆಂಡತಿ ಅಂತ ಬರೆದೆ." ಚೂಡಿದಾರದ ಅಂಚನ್ನು ಎಳೆದು ಸರಿಮಾಡಿಕೊಂಡಳು. "ಆ ಒಂದು ಶಬ್ದ ಅಳಿಸಲಿಕ್ಕೆ ನಾಲ್ಕು ವರ್ಷ ಕೋರ್ಟಿಗೆ ಅಲೆದೆ ಶೋಭಾ. ಬರೆಯಲಿಕ್ಕೆ ಒಂದು ನಿಮಿಷ ಬೇಕಾಗಲಿಲ್ಲ. ಸುಳ್ಳು ಬರೆದೆ ಅಂತ ಹೆದರಿಕೆಯೂ ಆಗಲಿಲ್ಲ."

ಅವಳು ಅತ್ತಳು. ಹನ್ನೆರಡು ವರ್ಷದಲ್ಲಿ ಅವಳು ಅವನ ಮೇಲಿನ ಸಿಟ್ಟಿನಿಂದ ಅತ್ತದ್ದನ್ನು ಬೇಕಾದಷ್ಟು ನೋಡಿದ್ದೆ. ಇದು ಬೇರೆ ಅಳು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಮಾತು ನಿಂತಿದ್ದವು, ಒಂದೂ ಉಪಯೋಗಕ್ಕೆ ಬರುವಂಥದ್ದಲ್ಲ. ಪಕ್ಕಕ್ಕೆ ಸರಿದು ಕೂತು ಅವಳ ಬೆನ್ನಿನ ಮೇಲೆ ಕೈ ಇಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದು ಬಂದು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಬೆಳಿಗ್ಗೆ ಆನ್ ಮಾಡಿದ್ದಳಂತೆ. ಸುಧಾಕರನ ತಮ್ಮನ ಮೆಸೇಜು ಇತ್ತು. 'ಅತ್ತಿಗೆ, ಅಣ್ಣನನ್ನು ತಂದ ಪೆಟ್ಟಿಗೆ ತೆರೆಯಲಿಲ್ಲ. ತುಂಬ ದಿನ ಆಗಿದೆ, ಬೇಡ ಅಂದರು. ಅಮ್ಮ ಊಟ ಮಾಡುತ್ತಿಲ್ಲ. ನಿಮ್ಮ ಹತ್ತಿರ ಮಾತಾಡಬೇಕಂತೆ.'

"ಮಾಡ್ಲಾ?" ಎಂದಳು ವಸಂತಿ.

ಆ ಮುದುಕಿ ಊರಿನ ಪಂಚಾತಿಕೆಯಲ್ಲಿ ನಾಲ್ಕು ಜನರ ಎದುರು ಏನು ಹೇಳಿದ್ದರು ಎಂಬುದು ನನಗೆ ಗೊತ್ತು. ಮಕ್ಕಳಾಗದವಳ ಜೊತೆ ನನ್ನ ಮಗ ಎಷ್ಟು ದಿನ ಇರುತ್ತಾನೆ ಎಂದಿದ್ದರು. ವಕೀಲರಿಗೆ ಕಳಿಸಿದ ಹೇಳಿಕೆಯಲ್ಲಿ ಆ ಮಾತನ್ನು ಟೈಪ್ ಮಾಡಿದವಳು ನಾನೇ. ಈಗ ಯಾವ ಮುಖ ಇಟ್ಟುಕೊಂಡು ಕೇಳುತ್ತಾರೆ, ಬೇಡ, ಬ್ಲಾಕ್ ಮಾಡು ಎನ್ನಬೇಕು ಎಂದು ನಾಲಿಗೆ ತುರಿಸಿತು. "ನಿನಗೆ ಹೇಗೆ ಕಾಣ್ತದೋ ಹಾಗೆ" ಎಂದೆ. ಆ ತಿಂಗಳಿನಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ.

ಅವಳು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ಮಾಮೀ" ಎಂದಳು ತುಳುವಿನಲ್ಲಿ. ಅತ್ತೆಯನ್ನು ಮೊದಲು ಕರೆಯುತ್ತಿದ್ದದ್ದು ಹಾಗೇ. ಆ ಕಡೆಯಿಂದ, ಮಾಡಿದ್ದು ತಪ್ಪು, ಹೇಳಿದ್ದು ತಪ್ಪು ಎಂದು ಯಾವ ಮಾತೂ ಬರಲಿಲ್ಲ, ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬಂದದ್ದು ಒಂದೇ ಪ್ರಶ್ನೆ.

"ಅವನ ಮುಖ ನೋಡಿದ್ದು ನೀನೊಬ್ಬಳೇ ಮಗಾ. ಹೇಗಿತ್ತು?"

ವಸಂತಿ ಸ್ಪೀಕರ್ ಆಫ್ ಮಾಡಿ ಫೋನನ್ನು ಕಿವಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು. ಅವಳ ಸ್ವರ ಮಾತ್ರ ಕೇಳುತ್ತಿತ್ತು. ಒಂದೊಂದನ್ನೇ ನೆನಪು ಮಾಡಿಕೊಂಡು, ಅವಸರವಿಲ್ಲದೆ ಹೇಳುತ್ತಿದ್ದಳು. ಆ ಕಡೆ ಅಳುತ್ತಿದ್ದರೇನೋ, ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಸೋಫಾದ ತುದಿಯಲ್ಲೇ ಇದ್ದೆ, ಕಾಲು ಜೋಮು ಹಿಡಿದಿತ್ತು.

ಭಾನುವಾರ ಅವಳು ಕೆಲಸಕ್ಕೆ ಹೋದಳು. ಗುಂಪಿನಿಂದ ಹೊರಗೆ ಬಂದಳು, ಹಿಂದೆಯೇ ನಾನೂ ಬಂದೆ. ಸೂತಕದ ಪ್ರಶ್ನೆಗೆ ಅವರು ಏನು ತೀರ್ಮಾನ ಮಾಡಿದರೋ ತಿಳಿಯಲಿಲ್ಲ. ವಸಂತಿ ಹದಿಮೂರನೇ ದಿನದ ತನಕ ಒಪ್ಪೊತ್ತು ಉಂಡಿದ್ದಳಂತೆ, ಯಾರನ್ನೂ ಕೇಳದೆ.

ಈಗಲೂ ಪ್ರತಿ ಶುಕ್ರವಾರ ಅವಳು ಆ ಮುದುಕಿಗೆ ಫೋನ್ ಮಾಡುತ್ತಾಳೆ. ಒಮ್ಮೊಮ್ಮೆ ನಮ್ಮ ಮನೆಯಲ್ಲಿ ಇದ್ದಾಗ ಆ ಕಡೆಯಿಂದಲೇ ಕರೆ ಬರುತ್ತದೆ, ಎದ್ದು ಬಾಲ್ಕನಿಗೆ ಹೋಗುತ್ತಾಳೆ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಏನು ಮಾತಾಡಿದಿರಿ ಎಂದು ನಾನು ಕೇಳುವುದಿಲ್ಲ.